ಒದ್ದೆ ಮಡಿ

ಹಾವೇರಿಯ ಆ ಬಾಡಿಗೆ ಮನೆಯಲ್ಲಿ ಜಗಳ ಹೊತ್ತಿಕೊಂಡದ್ದು ಡಾಕ್ಟರರ ಒಂದು ಪ್ರಶ್ನೆಯಿಂದ. ಏಳು ವರ್ಷದ ಸುಶ್ರುತನ ಎದೆಗೂ ಬೆನ್ನಿಗೂ ನಳಿಗೆ ಹಚ್ಚಿ ನೋಡಿ, ಅವನ ತಾಯಿ ಪದ್ಮಜಾಳನ್ನು ಅವರು ಕೇಳಿದರು:

“ಮನಿಯಾಗ ಹಸಿ ಐತೇನ್ರಿ? ಗ್ವಾಡಿಗೆ ಬೂಷ್ಟ ಬಂದೈತೇನು?”

“ಬಂದದರಿ. ನಡುವಿನ ಖೋಲಿ ಗ್ವಾಡಿ ಪೂರಾ ಕರ್ರಗಾಗೇದ.”

“ಒದ್ದಿ ಅರಿವಿ ಒಳಗ ಒಣಾ ಹಾಕ್ತೀರೇನು?”

ಉತ್ತರಕ್ಕೆ ಕಾಯದೆ ಡಾಕ್ಟರರು ಚೀಟಿ ಬರೆಯತೊಡಗಿದರು. ದಿನಕ್ಕೆ ನೂರು ಮಂದಿಗೆ ಕೇಳುವ ಹತ್ತು ಪ್ರಶ್ನೆಗಳಲ್ಲಿ ಅದೂ ಒಂದು. ಪದ್ಮಜಾಳಿಗೆ ಮಾತ್ರ ಅದು ತೀರ್ಪಿನಂತೆ ಕೇಳಿಸಿತು. ಹದಿನೈದು ವರ್ಷಗಳಿಂದ ಇಂಥದೊಂದು ತೀರ್ಪಿಗಾಗಿಯೇ ಆಕೆ ಕಾದಿದ್ದಳು.

ಮನೆಗೆ ಬಂದಾಗ ಅತ್ತೆ ಭಾಗೀರಥೀಬಾಯಿ ಬಾಗಿಲಲ್ಲೇ ನಿಂತಿದ್ದರು.

“ಏನಂದ್ರವಾ ಡಾಕ್ಟ್ರು? ಹುಡುಗಗ ಏನಾಗೇದಂತ?”

“ದಮ್ಮು. ಅದಕ್ಕ ಕಾರಣ ನಿಮ್ಮ ಸೀರಿ ಅಂದ್ರು.”

ಭಾಗೀರಥೀಬಾಯಿಗೆ ಎಪ್ಪತ್ತನಾಲ್ಕು. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಹಿಂದಿನ ದಿನ ಒಗೆದು ಯಾರ ಕೈಯೂ ತಾಗದಂತೆ ಒಣಗಿಸಿದ ನೂಲಿನ ಸೀರೆ ಉಟ್ಟು, ದೇವರ ಮುಂದೆ ದೀಪ ಹಚ್ಚಿ, ತನ್ನ ಅಡಿಗೆಯನ್ನು ತಾನೇ ಮಾಡಿಕೊಂಡು ಉಣ್ಣುವುದು ಆಕೆಯ ಮಡಿ. ಸೀರೆಯನ್ನು ಯಾರಾದರೂ ಮುಟ್ಟಿದರೋ, ಮತ್ತೆ ಒಗೆಯಬೇಕು. ಅದು ಒಣಗುವತನಕ ಹೊಟ್ಟೆಗೆ ನೀರೂ ಇಲ್ಲ. ನಡುವಿನ ಕೋಣೆಯ ಛತ್ತಿನ ಕೊಂಡಿಗಳಿಗೆ ಒಂದು ಬಿದಿರ ಗಳ ತೂಗುಬಿಟ್ಟಿದ್ದರು. ಕೋಲಿನಿಂದ ಎತ್ತಿ ಒಂಬತ್ತು ಗಜದ ಸೀರೆಯನ್ನು ಅದರ ಮೇಲೆ ಹರವುತ್ತಿದ್ದರು. ಅದೇ ಕೋಣೆಯಲ್ಲಿ ಅಜ್ಜಿ ಮೊಮ್ಮಗ ಇಬ್ಬರೂ ಮಲಗುವುದು. ಮಳೆಗಾಲ ಬೇರೆ, ಮೇಲಾಗಿ ಚಾತುರ್ಮಾಸ. ಮಡಿ ಅತ್ಯಂತ ಬಿಗಿಯಾಗುವ ಕಾಲದಲ್ಲೇ ಸೀರೆ ಒಣಗುವುದು ಅತ್ಯಂತ ತಡ.

“ನನ್ನ ಸೀರಿ ಐವತ್ತು ವರ್ಷದಿಂದ ಮನಿಯೊಳಗ ಒಣಗಲಿಕತ್ತದ,” ಎಂದರು ಭಾಗೀರಥೀಬಾಯಿ. “ಇಬ್ಬರು ಮಕ್ಕಳನ್ನ ಅದರ ಬುಡಕನ ಬೆಳಸೀನಿ. ಯಾರಿಗೆ ದಮ್ಮು ಬಂತು?”

“ಆಗ ವಾಡೆದಂಥಾ ಮನಿ ಇತ್ತು. ಇದು ಬೆಂಕಿಪೆಟ್ಟಿಗಿ. ರೇಶಿಮಿ ಉಟಗೋರಿ, ಒಗ್ಯೂದ ಬ್ಯಾಡ.”

“ನಮ್ಮ ಅತ್ತೀ ಮನ್ಯಾಗ ರೇಶಿಮಿ ಮಡಿಗೆ ನಡೀತಿದ್ದಿಲ್ಲ. ಹುಳಾ ಕೊಂದದ್ದು ಉಟಗೊಂಡು ದೇವರ ಮುಂದ ಕೂಡೂದೇನು?”

“ಹುಳದ ಜೀವಾ ನೋಡ್ತೀರಿ. ಹುಡುಗಂದು ನೋಡೂದಿಲ್ಲ.”

ಹದಿಮೂರರ ಧನಶ್ರೀ ಚಪಾತಿ ಲಟ್ಟಿಸುತ್ತಿದ್ದವಳು ಅಲ್ಲಿಂದಲೇ ಅಂದಳು, “ಅಮ್ಮಾ, ಅಜ್ಜಿ ಸೀರಿ ಕಿಟಕಿ ಕಡೆ ಇರ್ತದ. ಹಸಿ ಇರೂದು ಈ ಕಡೆ ಗ್ವಾಡಿಗೆ. ಅದೂ ಮ್ಯಾಲಿಂದ ಬಂದದ.”

“ದೊಡ್ಡವರ ಮಾತಿನ್ಯಾಗ ಬಾಯಿ ಹಾಕಬ್ಯಾಡ. ಚಪಾತಿ ಕರಕಾಗ್ಲಿಕತ್ತದ ನೋಡು.”

ಚಪಾತಿ ಕರಕಾಗಿರಲಿಲ್ಲ. ಆದರೆ ಆ ಮನೆಯಲ್ಲಿ ಖರೇ ಮಾತಾಡಿದವರ ಗತಿ ಹೀಗೆಯೇ.

ಮೊದಲು ಸೀರೆಯನ್ನು ಹೊರಗೆ ಹಾಕಿ ನೋಡಿದರು. ಮಾಳಿಗೆಯ ಮೇಲೆ ಬಾಡಿಗೆಯವರ ಅರಿವೆ ಕೂಡದೆಂದು ಮಾಲಕರು ಮನೆ ಕೊಡುವಾಗಲೇ ಹೇಳಿದ್ದರು. ಉಳಿದದ್ದು ಮುಂದಿನ ಕಟ್ಟೆ. ಮೊದಲ ದಿನ ಹಾಲಿನವನ ಹೆಗಲು ತಾಗಿತು. ಎರಡನೆಯ ದಿನ ಪೇಪರಿನವನು ಎಸೆದ ಪೇಪರು ಸೀರೆಯ ನೆರಿಗೆಯಲ್ಲೇ ಹೋಗಿ ಕೂತಿತು. ಎರಡೂ ದಿನ ಭಾಗೀರಥೀಬಾಯಿ ಮತ್ತೆ ಒಗೆದು, ಸಂಜೆತನಕ ಉಪವಾಸ ಕೂತರು. ಮೂರನೆಯ ದಿನ ಸೀರೆ ಒಳಗಿನ ಗಳಕ್ಕೆ ಮರಳಿತು. ಆ ದಿನ ಪದ್ಮಜಾ ಅನ್ನದ ಪಾತ್ರೆ ಕುಕ್ಕಿದ ಸದ್ದಿಗೆ ನೆರೆಮನೆಯ ಕುಲ್ಸುಮಬಿ ಗೋಡೆಯಾಚೆಯಿಂದ ಏನಾಯಿತೆಂದು ಕೇಳಿದಳು.

ಪದ್ಮಜಾಳ ಗಂಡ ಪ್ರಾಣೇಶ ಇದನ್ನೆಲ್ಲ ನೋಡುತ್ತ ಉಣ್ಣುತ್ತಿದ್ದ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವನು ಗುಮಾಸ್ತ. ಕಂಪನಿಯ ಮಾಲಕ ವಿಜಯಮಹಾಂತೇಶ ಅವರೇ ಈ ಮನೆಯ ಮಾಲಕರು. ಮೇಲಿನ ಅಂತಸ್ತಿನಲ್ಲಿ ಅವರ ಸಂಸಾರ, ಕೆಳಗೆ ಇವರದು. ಅವ್ವ ಮತ್ತು ಹೆಂಡತಿಯ ನಡುವೆ ತಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದು ಪ್ರಾಣೇಶ ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳು. ಅಡಕತ್ತರಿಯ ಹಿಡಿಕೆ ಅವನ ಕೈಯಲ್ಲೇ ಇತ್ತು.

ಅದು ಹೇಗೆಂದರೆ, ಒಂದು ಭಾನುವಾರ ಅವ್ವ ಮಠದ ಪುರಾಣಕ್ಕೆ ಹೋಗಿದ್ದಾಗ, ಪದ್ಮಜಾ ಮಕ್ಕಳೊಂದಿಗೆ ಪೇಟೆಗೆ ಹೋಗಿದ್ದಾಗ, ಅವನು ನಳದ ಕೆಲಸದ ಬುಡನಸಾಬನನ್ನು ಕರೆಸಿದ. ಬುಡನಸಾಬ ಗೋಡೆಯನ್ನು ಕೈಯಿಂದ ಸವರಿದ, ಗೆಣ್ಣಿನಿಂದ ಬಡಿದ, ಸ್ಟೂಲಿನ ಮೇಲೆ ಹತ್ತಿ ಮೂಲೆಯನ್ನು ಮೂಸಿಯೂ ನೋಡಿದ.

“ಇದು ಅರಿವಿ ಹಸಿ ಅಲ್ರಿ ಸಾಹೇಬ್ರ. ಮ್ಯಾಲಿನ ಬಚ್ಚಲದ ಪೈಪು ಗ್ವಾಡಿಯೊಳಗ ಒಡದೈತಿ. ಅವರು ಮೈ ತೊಳಕೊಂಡ ನೀರು ನಿಮ್ಮ ಖೋಲಿಗೆ ಇಳಿಯಾಕತ್ತೈತಿ.”

“ಖರೇ?”

“ಸಾಬೂನು ವಾಸನಿ ಬರ್ತೈತಲ್ರಿ. ಮ್ಯಾಲಿನ ಫರಸಿ ಕಿತ್ತು ಪೈಪ್ ಬದಲಿ ಮಾಡಬೇಕು. ಎರಡು ದಿನದ ಕೆಲಸ.”

ಪ್ರಾಣೇಶ ಛತ್ತು ನೋಡಿದ. ಮಾಲಕರ ಮಗಳು ದೀಪಿಕಾಳ ಲಗ್ನ ದಸರೆ ಆದಮೇಲೆ ಇತ್ತು. ಬೀಗರ ಸಲುವಾಗಿ ಮೇಲಿನ ಬಚ್ಚಲದ ನೆಲಕ್ಕೆ ಹೋದ ತಿಂಗಳಷ್ಟೇ ಹೊಸ ಫರಸಿ ಕಲ್ಲು ಹಾಕಿಸಿದ್ದರು. ಲಾರಿಯಿಂದ ಫರಸಿ ಇಳಿಸುವಾಗ ಎಣಿಸಿಕೊಂಡವನು ಪ್ರಾಣೇಶನೇ.

“ಇದನ್ನ ಯಾರ ಮುಂದೂ ಹೇಳಬ್ಯಾಡಪಾ ಬುಡನಸಾಬ.”

“ನಾ ಯಾಕ ಹೇಳ್ಲ್ರಿ. ಆದ್ರ ಸಣ್ಣ ಹುಡುಗ ಮಲಗೂ ಖೋಲಿ ಐತಿ. ಲಗೂ ನೋಡ್ರಿ.”

ಲಗೂ ನೋಡಲು ಪ್ರಾಣೇಶನಿಗೆ ಎಂಟು ದಿನ ಹಿಡಿಯಿತು. ಕಡೆಗೊಂದು ದಿನ ಕಂಪನಿಯಲ್ಲಿ ಮಾಲಕರ ಟೇಬಲ್ಲಿನ ಮುಂದೆ ನಿಂತು, “ಮನಿ ಗ್ವಾಡಿಗೆ ಸ್ವಲ್ಪ ಹಸಿ ಬಂದದರಿ…” ಎಂದು ರಾಗ ಎಳೆದ. ವಿಜಯಮಹಾಂತೇಶ ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಗೊತ್ತೈತಿ. ನಮ್ಮ ಮನಿಯಾಕಿ ಹೇಳಿದ್ಲು. ನಿಮ್ಮವ್ವಾರು ಒದ್ದಿ ಸೀರಿ ಒಳಗ ಹಾಕ್ತಾರಂತಲ್ಲ? ಮಡಿ ಗಿಡಿ ನಿಮ್ಮದು ನಿಮಗ ಇರಲಿ ಪ್ರಾಣೇಶ, ನಮ್ಮ ಗ್ವಾಡಿ ಯಾಕ ಕೆಡಸ್ತೀರಿ?”

ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೈಪು ಒಡೆದಿದೆ ಎನ್ನಲು ಎಷ್ಟು ಉಸಿರು ಬೇಕು? ಪ್ರಾಣೇಶ ಕೈ ಕಟ್ಟಿಕೊಂಡು, “ಹೌದ್ರಿ, ಅವ್ವಗ ಹೇಳ್ತೀನ್ರಿ,” ಎಂದು ಹೊರಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ನೋಡಿದ್ದೇವೆ. ಇವನು ಬರೆ ಎಳೆಯಲು ಹೆತ್ತ ತಾಯಿಯನ್ನೇ ಹಿಡಿದುಕೊಟ್ಟ.

ಇತ್ತ ಪದ್ಮಜಾ ಇನ್ನೊಂದು ದಾರಿ ಹುಡುಕಿದಳು. ಬ್ಯಾಡಗಿಯಲ್ಲಿ ಭಾಗೀರಥೀಬಾಯಿಯ ಹಿರಿಯ ಮಗ ಪ್ರಭಾಕರ ಇದ್ದ. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಕೆಲಸ, ಸ್ವಂತ ಮನೆ, ಬಿಸಿಲು ಬೀಳುವ ಹಿತ್ತಿಲು. ಫೋನು ಸ್ಪೀಕರಿಗೆ ಹಾಕಿ ಮಾತಾಡಿದಳು. ಅತ್ತೆ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು.

“ಭಾವನವರ, ಮಳಿಗಾಲ ಮುಗಿಯೂತನಕ ಅತ್ಯಾನ್ನ ಕರಕೊಂಡು ಹೋಗ್ರಿ. ಹುಡುಗಗ ಭಾಳ ತ್ರಾಸ ಆಗಲಿಕತ್ತದ.”

“ಅಯ್ಯ, ಇಲ್ಲೆ ಹೆಂಗ ಬರ್ತಾಳವಾ ಅವ್ವ? ಊರ ತುಂಬ ಖಾರದ ಘಾಟು. ಈ ವಯಸ್ಸಿನ್ಯಾಗ ಆಕಿಗೆ ಕೆಮ್ಮು ಹತ್ತಿದ್ರ ಏನು ಗತಿ?”

“ಮಳಿಗಾಲದಾಗ ಎಲ್ಲೀ ಘಾಟು? ಪ್ಯಾಟಿ ಖಾಲಿ ಇರ್ತದ.”

“ಮಾಲೆಲ್ಲಾ ಕೋಲ್ಡ್ ಸ್ಟೋರೇಜಿನ್ಯಾಗ ಅದಲ್ಲ. ಘಾಟು ಇದ್ದ ಇರ್ತದ. ಅವ್ವನ ಆರೋಗ್ಯದ ಸಲುವಾಗಿ ಹೇಳ್ಲಿಕತ್ತೀನಿ.”

ಫೋನು ಕಟ್ಟಾಯಿತು. ಭಾಗೀರಥೀಬಾಯಿ ಹೊಸೆದ ಬತ್ತಿಗಳನ್ನು ಡಬ್ಬಿಗೆ ಹಾಕಿದರು.

“ನನ್ನ ಕೇಳಿದ್ದರ ನಾನ ಹೇಳತಿದ್ದೆ, ಅಂವ ಒಲ್ಲೆ ಅಂತಾನಂತ,” ಎಂದರು. “ಸುಮ್ಮನ ಫೋನು ಹಚ್ಚಿ ನನ್ನ ಮುಂದ ಅನಿಸಿದಿ.”

ಮರುದಿನ ಅವರು ಮಠದಿಂದ ಬರುವಷ್ಟರಲ್ಲಿ ಛತ್ತಿನಲ್ಲಿ ಕೊಂಡಿಗಳಷ್ಟೇ ಇದ್ದವು. ಗಳವನ್ನು ಪದ್ಮಜಾ ಇಳಿಸಿ, ಕಸ ಒಯ್ಯುವ ಮೈಲವ್ವನಿಗೆ ಕೊಟ್ಟುಬಿಟ್ಟಿದ್ದಳು. ಗಳದ ಮೇಲಿದ್ದ ಸೀರೆ ಬಕೆಟ್ಟಿನಲ್ಲಿ ಮುದ್ದೆಯಾಗಿ ಬಿದ್ದಿತ್ತು.

“ನನ್ನ ಗಳಾ ಎಲ್ಲೆ?”

“ಕೊಟ್ಟೆ.”

“ಯಾರನ್ನ ಕೇಳಿ ಕೊಟ್ಟಿ?”

“ಮಗನ ಜೀವಾ ಉಳಸಲಿಕ್ಕೆ ಯಾರನ್ನ ಕೇಳಬೇಕ್ರಿ?”

ಭಾಗೀರಥೀಬಾಯಿ ಕೂಗಾಡಲಿಲ್ಲ. ಬಚ್ಚಲಕ್ಕೆ ಹೋಗಿ, ಸ್ನಾನ ಮಾಡಿ, ಅದೇ ಸೀರೆಯನ್ನು ಜಾಲಿಸಿ ಹಿಂಡಿ, ಒದ್ದೆಯದನ್ನೇ ಉಟ್ಟುಕೊಂಡು ಬಂದರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗೆಯೇ ಒಲೆಯ ಮುಂದೆ ನಿಂತು ಅನ್ನಕ್ಕಿಟ್ಟರು.

“ಅಜ್ಜಿ, ಥಂಡಿ ಆಗ್ತದ,” ಎಂದಳು ಧನಶ್ರೀ.

“ಒದ್ದಿ ಮಡಿ ಎಲ್ಲಾಕ್ಕಿಂತ ಹೆಚ್ಚಿಂದವಾ. ನಮ್ಮಜ್ಜಿ ಜನ್ಮಾ ಪೂರ್ತಿ ಹಂಗ ಉಟ್ಟಳು. ಮೈಮ್ಯಾಲೆ ಒಣಗ್ತದ. ಯಾರ ಗ್ವಾಡಿಗೂ ಹತ್ತೂದಿಲ್ಲ.”

ಧನಶ್ರೀ ತಾಯಿಯ ಮುಖ ನೋಡಿದಳು. ಪದ್ಮಜಾ ಒರೆಸುವ ಅರಿವೆ ತಂದು ಅತ್ತೆ ನಡೆದಲ್ಲೆಲ್ಲ ನೆಲ ಒರೆಸಿದಳು. “ಎರಡು ದಿನ. ತಾವ ಬಿಡ್ತಾರ, ನೋಡತಿರು,” ಎಂದಳು ಮಗಳಿಗೆ, ಅತ್ತೆಗೂ ಕೇಳಿಸುವಂತೆ.

ಎರಡು ದಿನ ಹೋಗಿ ಒಂಬತ್ತು ದಿನವಾಯಿತು. ಭಾಗೀರಥೀಬಾಯಿಗೆ ನೆಗಡಿ ಬಂತು, ನೆಗಡಿ ಎದೆಗಿಳಿಯಿತು. ಪ್ರಾಣೇಶ ದಿನಾ ಬೆಳಿಗ್ಗೆ ನಡುಗುವ ತಾಯಿಯನ್ನು ದಾಟಿಕೊಂಡು ಹೋಗಿ ರಾಣೆಬೆನ್ನೂರು ಬಸ್ಸು ಹಿಡಿಯುತ್ತಿದ್ದ. “ಅವ್ವಾ, ಹಟಾ ಬಿಡು” ಎಂದು ಹೇಳಿಯೂ ಹೇಳುತ್ತಿದ್ದ. ಅಷ್ಟರ ಮಟ್ಟಿಗೆ ಅವನು ಒಳ್ಳೆಯ ಮಗ.

ಹತ್ತನೆಯ ದಿನ ಮಳೆಗೆ ಸುಶ್ರುತನ ಸಾಲೆಗೆ ಸೂಟಿ ಕೊಟ್ಟರು. ಪದ್ಮಜಾ ಮಾಸ್ತರಿಕೆ ಮಾಡುವ ಸಾಲೆಗೂ ಧನಶ್ರೀಯ ಸಾಲೆಗೂ ಸೂಟಿ ಇರಲಿಲ್ಲ. ಹನ್ನೊಂದೂವರೆಗೆ ಭಾಗೀರಥೀಬಾಯಿ ನೈವೇದ್ಯಕ್ಕೆ ಎಲೆ ಇಡುತ್ತಿದ್ದಾಗ ನಡುವಿನ ಕೋಣೆಯಿಂದ ಸಿಳ್ಳಿನಂಥ ಸದ್ದು ಬಂತು. ಹುಡುಗ ಹಾಸಿಗೆಯ ಮೇಲೆ ಎರಡೂ ಕೈ ಊರಿ ಕೂತು ಉಸಿರು ಎಳೆಯುತ್ತಿದ್ದ. ತುಟಿ ನೀಲಿಯಾಗಿತ್ತು.

ಮಡಿಯಲ್ಲಿದ್ದಾಗ ಭಾಗೀರಥೀಬಾಯಿ ಮೊಮ್ಮಕ್ಕಳನ್ನು ಮುಟ್ಟಿದವರಲ್ಲ. ಅಂದು ಎಲೆ ಅಲ್ಲಿಯೇ ಬಿಟ್ಟು ಓಡಿದರು. ಹುಡುಗನನ್ನು ಬಾಚಿ ಎತ್ತಿಕೊಂಡು, ಕಟ್ಟೆಯ ಮೇಲೆ ಗಾಳಿಗೆ ಕೂತು, ಡಾಕ್ಟರರು ಬರೆದುಕೊಟ್ಟಿದ್ದ ಪಂಪಿನ ಔಷಧವನ್ನು ಅವನ ಬಾಯಿಗೆ ಒತ್ತಿದರು. “ಕುಲ್ಸುಮಬೀ, ಆಟೋ ಕರೀ ನಮ್ಮವ್ವಾ, ಪದ್ಮಜಾಗ ಫೋನು ಹಚ್ಚು,” ಎಂದು ಓಣಿಯೇ ಕೇಳುವಂತೆ ಒದರಿದರು. ಹುಡುಗ ಅಜ್ಜಿಯ ಎದೆಗೆ ಆತುಕೊಂಡು ಒಂದೊಂದೇ ಉಸಿರು ತೆಗೆದುಕೊಂಡ.

ಪದ್ಮಜಾ ಆಟೋದಿಂದ ಇಳಿದವಳು ನೋಡಿದ್ದು ಒಂದನ್ನೇ. ಅತ್ತೆಯ ಒದ್ದೆ ಸೀರೆಗೆ ಒತ್ತಿಕೊಂಡು ಮಗನ ಅಂಗಿಯೂ ಒದ್ದೆಯಾಗಿತ್ತು.

“ಒದ್ದಿ ಮೈಲೇ ಹುಡುಗನ್ನ ಅಪ್ಪಿಕೊಂಡು ಕೂತೀರಲ್ಲ! ಕೊಲ್ಲಬೇಕಂತ ಮಾಡೀರೇನು?”

“ಉಸರ ಬರವಲ್ಲಾಗಿತ್ತವಾ, ನಾ ಏನು ಮಾಡ್ಲಿ…”

“ಬಿಡ್ರಿ ಅವನ್ನ!”

ಕೈಯಿಂದ ಕಿತ್ತುಕೊಂಡು ಆಟೋ ಹತ್ತಿದಳು. ದವಾಖಾನೆಯಲ್ಲಿ ಮೂರು ಸಲ ಹಬೆಯ ಔಷಧ ಕೊಟ್ಟ ಮೇಲೆ ಹುಡುಗನ ತುಟಿಗೆ ಬಣ್ಣ ಬಂತು. ಮನೆಗೆ ಬಂದವರು ಉಣ್ಣಲು ಕೂತಾಗ ಸಂಜೆ ಆರು. ಭಾಗೀರಥೀಬಾಯಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬೇಗ ಬಂದಿದ್ದ ಪ್ರಾಣೇಶನ ಎದುರು ಬಂದು ನಿಂತರು.

“ಪ್ರಾಣ್ಯಾ, ನನ್ನ ಮುಖಾ ನೋಡಿ ಹೇಳು. ಆಕಿ ಹೇಳೂದು ಬ್ಯಾಡ, ಡಾಕ್ಟ್ರು ಹೇಳೂದು ಬ್ಯಾಡ, ನೀ ಹೇಳು. ನನ್ನ ಸೀರಿಯಿಂದನ ಹುಡುಗಗ ಹಿಂಗಾತೇನು?”

ಪದ್ಮಜಾ ಸಾರಿನ ಸೌಟು ಹಿಡಿದು ನಿಂತಿದ್ದಳು. ಧನಶ್ರೀ ಅಪ್ಪನನ್ನೇ ನೋಡುತ್ತಿದ್ದಳು. ಪ್ರಾಣೇಶ ತಾಟಿನಲ್ಲಿ ಅನ್ನ ಕಲಸಿದ.

“ಹೌದವ್ವಾ,” ಎಂದ. “ಅದರಿಂದನ.”

ಇಂಥ ಮನುಷ್ಯರ ಬಗ್ಗೆ ಬರೆಯುವಾಗ ಕೈ ಹೇಸುತ್ತದೆ. ಆದರೆ ಅವನು ಹಾಗೆಯೇ ಅಂದ, ಅಂದು ಮೊಸರು ಹಾಕಿಸಿಕೊಂಡು ಉಂಡ.

ಮರುದಿನ ಭಾಗೀರಥೀಬಾಯಿ ಕಪಾಟಿನಿಂದ ಮಡಿಚಿಟ್ಟ ಹೂವಿನ ಪಾಲಿಸ್ಟರ್ ಸೀರೆ ಉಟ್ಟು ಅಡಿಗೆಮನೆಯ ಹೊರಗೆ ಕೂತರು. ದೇವರ ಪೆಟ್ಟಿಗೆಯನ್ನು ಮಗನ ಕಡೆ ಸರಿಸಿ, “ಇನ್ನ ನೀ ನೋಡ್ಕೋ,” ಎಂದರು. ಪದ್ಮಜಾ ಎಲ್ಲರ ಜೊತೆಗೆ ಅತ್ತೆಗೂ ತಾಟು ಹಾಕಿದಳು. ಆ ತಿಂಗಳು ಅವರಿಗೆ ಕಾಯಿಪಲ್ಯ ಬಿಡುವ ವ್ರತವಿತ್ತು. ಗೊತ್ತಿದ್ದೂ ಬದನೆಕಾಯಿ ಪಲ್ಯ ಬಡಿಸಿದಳು.

“ಇದು ಬ್ಯಾಡವಾ. ಇದೊಂದು ಇರಲಿ.”

“ಮಡೀನ ಬಿಟ್ಟ ಮ್ಯಾಲೆ ವ್ರತಾ ಏನ್ರಿ ಅತ್ಯಾ? ಉಣ್ರಿ, ಮೈಗೆ ಶಕ್ತಿ ಬರ್ತದ.”

ಪದ್ಮಜಾಳಿಗೆ ಖುಷಿಯಾಗಿತ್ತು. ಹೊಸದಾಗಿ ಬಂದಾಗ, ಮುಟ್ಟಾದ ಮೂರು ದಿನ ಕಟ್ಟೆಯ ಮೇಲೆ ಕೂತು ಇದೇ ಅತ್ತೆ ದೂರದಿಂದ ಎಸೆದ ಚಪಾತಿ ತಿಂದಿದ್ದಳು. ಬಾಣಂತಿಯಾಗಿದ್ದಾಗ ಬಿಸಿನೀರಿನ ತಂಬಿಗೆಯನ್ನು ಕೂಡ ಅತ್ತೆ ಕೈಗೆ ಕೊಟ್ಟಿರಲಿಲ್ಲ, ನೆಲದ ಮೇಲೆ ಇಟ್ಟು ಹೋಗಿದ್ದರು. ಲೋಕದಲ್ಲಿ ಯಾರೂ ಸುಮ್ಮನೆ ಕೆಟ್ಟವರಾಗುವುದಿಲ್ಲ. ಭಾಗೀರಥೀಬಾಯಿ ಬದನೆಕಾಯಿಯನ್ನು ತಾಟಿನ ಅಂಚಿಗೆ ಸರಿಸಿ, ನಾಲ್ಕು ತುತ್ತು ಮೊಸರನ್ನ ಉಂಡು ಎದ್ದರು.

ಶ್ರಾವಣ ಮುಗಿಯುತ್ತ ಬಂದರೂ ಗೋಡೆಯ ಹಸಿ ಹೋಗಲಿಲ್ಲ. ಮನೆಯೊಳಗೆ ಒಂದು ಒದ್ದೆ ಕರವಸ್ತ್ರವೂ ಇರಲಿಲ್ಲ. ಆದರೂ ಬೂಷ್ಟಿನ ಕಪ್ಪು, ಛತ್ತಿನಿಂದ ಹಾಸಿಗೆಯ ಮಟ್ಟಕ್ಕೆ ಇಳಿದಿತ್ತು. “ಹಳೇ ಹಸಿ, ಆರಲಿಕ್ಕೆ ಟೈಮ್ ಬೇಕು,” ಎನ್ನುತ್ತಿದ್ದಳು ಪದ್ಮಜಾ. ಸುಶ್ರುತ ದಿನಕ್ಕೆ ನಾಲ್ಕು ಸಲ ಪಂಪು ಎಳೆಯುತ್ತಿದ್ದ. ಎದುರಿನ ಮಂಚದ ಮೇಲೆ ಅಜ್ಜಿ ಕೆಮ್ಮುತ್ತ ಮಲಗಿರುತ್ತಿದ್ದರು. ಮಾಡಲು ಪೂಜೆಯಿಲ್ಲ, ಅಡಿಗೆಯಿಲ್ಲ, ಒಗೆಯಲು ಸೀರೆಯಿಲ್ಲ. ನೋಡಲು ಗೋಡೆಯೊಂದಿತ್ತು.

ಒಂದು ಸೋಮವಾರ ಬೆಳಿಗ್ಗೆ ಪದ್ಮಜಾ ಬೂಷ್ಟು ಒರೆಸಲು ಬಂದಳು. ಕೈಯಲ್ಲಿದ್ದ ಅರಿವೆ ಅತ್ತೆಯ ಮಡಿ ಸೀರೆಯನ್ನು ಹರಿದು ಮಾಡಿದ್ದು. ಭಾಗೀರಥೀಬಾಯಿ ಅದನ್ನು ಗುರುತಿಸಿದರು.

“ಈಗ ಒರಸಬ್ಯಾಡ,” ಎಂದರು. “ಮ್ಯಾಲೆ ಸ್ನಾನಾ ಶುರು ಆಗೂ ಹೊತ್ತು. ಸ್ವಲ್ಪ ನಿಂತು ನೋಡು.”

ಮೇಲೆ ನೀರು ಸುರಿದ ಸದ್ದಾಯಿತು. ತುಸು ಹೊತ್ತಿಗೆ ಛತ್ತಿನ ಮೂಲೆಯಲ್ಲಿ ಗೋಡೆ ಮಿನುಗಿತು. ಒಂದು ಎಳೆ ನೀರು ನಿಧಾನವಾಗಿ ಇಳಿದು ಸುಶ್ರುತನ ತಲೆದಿಂಬಿನ ಹಿಂದೆ ಬಂದು ನಿಂತಿತು. ಸಾಬೂನಿನ ವಾಸನೆ ಪದ್ಮಜಾಳ ಮೂಗಿಗೂ ಬಂತು.

“ಎಂಟು ದಿನದಿಂದ ನೋಡ್ಲಿಕತ್ತೀನಿ. ಅವರು ಮಿಂದಾಗೊಮ್ಮೆ ಇದು ಇಳೀತದ.”

ಪದ್ಮಜಾ ಗಂಡನನ್ನು ಕರೆದಳು. ಅವನು ಒಂದು ಕಾಲಿಗೆ ಬೂಟು ಹಾಕಿಕೊಂಡು ಬಂದ. ಗೋಡೆ ನೋಡಿದ, ತಾಯಿಯನ್ನು ನೋಡಲಿಲ್ಲ.

“ನಿಮಗಿದು ಗೊತ್ತಿತ್ತೇನು?”

“ಬುಡನಸಾಬ ಅಂದಿದ್ದ… ಪೈಪು ಒಡದದಂತ. ದೀಪಿಕಾನ ಲಗ್ನಾ ಒಂದು ಮುಗೀಲಿ, ಆಮ್ಯಾಲೆ ಮಾಲಕರಿಗೆ…”

“ಎಂದ ಅಂದಿದ್ದ?” ಎಂದು ಕೇಳಿದವರು ಭಾಗೀರಥೀಬಾಯಿ. “ನಾ ನಿನ್ನ ಕೇಳೂಕಿಂತ ಮದಲೋ, ಆಮ್ಯಾಲೋ?”

“ನನಗ ಬಸ್ಸಿಗೆ ಹೊತ್ತಾತು,” ಎಂದ ಪ್ರಾಣೇಶ. ಇನ್ನೊಂದು ಬೂಟನ್ನು ಕಟ್ಟೆಯ ಮೇಲೆ ಹಾಕಿಕೊಂಡು ಹೋದ.

ಪದ್ಮಜಾ ಮಂಚದ ಅಂಚಿಗೆ ಕೂತಳು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಹಾಸಿಗೆಯ ಮೇಲೆ ಆಕೆ ಕೂತದ್ದು ಅದೇ ಮೊದಲು. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂದಿತ್ತು. ಅದರ ಬೆನ್ನಿಗೇ ಗಂಡನ ನೌಕರಿ ನೆನಪಾಯಿತು, ಈ ಮನೆ ಬಿಟ್ಟರೆ ಹುಡುಕಬೇಕಾದ ಮನೆ ನೆನಪಾಯಿತು.

“ಅತ್ಯಾ, ಇದನ್ನ ಹೊರಗ ಅನಬ್ಯಾಡ್ರಿ. ಮ್ಯಾಲಿನವರು ಸಿಟ್ಟಾದ್ರ ಮನೀನೂ ಹೋಗ್ತದ, ನೌಕರೀನೂ ಹೋಗ್ತದ.”

“ನಾ ಯಾರ ಮುಂದ ಅನ್ಲಿ?” ಭಾಗೀರಥೀಬಾಯಿ ಕೆಮ್ಮಿ ಸುಧಾರಿಸಿಕೊಂಡರು. ಆಮೇಲೆ, ಆ ಮನೆಯಲ್ಲಿ ಯಾರ ಮುಂದೂ ಎಂದೂ ಬಳಸದ ದನಿಯಲ್ಲಿ ಬೇಡಿಕೊಂಡರು. “ಪದ್ಮಜಾ, ಒಂದು ಗಳಾ ತರಿಸಿ ಕಟ್ಟಸ್ತಿ ಏನವಾ? ನನ್ನ ಸೀರಿದು ಏನೂ ತಪ್ಪಿಲ್ಲಂತ ಈಗ ನಿನಗೂ ಗೊತ್ತಾತಲ್ಲ.”

ಪದ್ಮಜಾ ಛತ್ತಿನ ಖಾಲಿ ಕೊಂಡಿಗಳನ್ನು ನೋಡಿದಳು. ಗಳ ಮತ್ತೆ ಏರಿದರೆ ದಿನಾ ಬೆಳಗಾದರೆ ಅದರ ಕೆಳಗೆ ತಾನೇ ತಲೆ ಬಗ್ಗಿಸಿ ಓಡಾಡಬೇಕು. ಮಗಳ ಕಣ್ಣೆದುರಿಗೆ.

“ಈಗ ಹೆಂಗೂ ಬಿಟ್ಟೀರಲ್ಲ ಅತ್ಯಾ,” ಎಂದಳು. “ಇನ್ನ ಯಾಕದು?”

ಎದ್ದು ಗೋಡೆಯ ನೀರನ್ನು ಆ ಅರಿವೆಯಿಂದಲೇ ಒರೆಸಿದಳು. ಸುಶ್ರುತನ ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಳು. ಕೈ ತೊಳೆದುಕೊಂಡು, ಡಬ್ಬಿ ಕಟ್ಟಿಕೊಂಡು, ಒಂಬತ್ತಕ್ಕೆ ಸಾಲೆಗೆ ಹೋದಳು.